ಎಲ್ಲಾ ತೆಗಿ

ಆಕೆ ‘ತೆಗಿ’ ಅಂದರೋ ‘ತೆಗೆದುಬಿಡು’ ಅಂದರೋ, ಈಗ ನಾನು ಆಣೆ ಮಾಡಿ ಹೇಳಲಾರೆ. ವಿಜಯನಗರದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ನಾನು ಚಾರ್ಜರ್‌ಗಾಗಿ ಕಾಯುತ್ತಿದ್ದೆ. ಹಣೆಗೆ ವಿಭೂತಿ ಇಟ್ಟಿದ್ದ ಹಿರಿಯ ಮಹಿಳೆಯೊಬ್ಬರು ಕೆಟ್ಟುನಿಂತ ಹಳೆಯ ಲ್ಯಾಪ್‌ಟಾಪ್ ತಂದಿದ್ದರು.

“ಇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕ್ತೀನಿ ಆಂಟಿ. ಫ್ರೀ, ಸಕತ್ತಾಗಿ ಓಡುತ್ತೆ. ಒಳಗಿರೋ ಹಳೇ ಫೈಲ್ ಏನ್ ಮಾಡ್ಲಿ?” ಎಂದು ಅಂಗಡಿಯವನು ಕೇಳಿದ.

“ಅದನ್ನೇ ತೆಗಿಬೇಕು ಕಣಪ್ಪಾ, ಎಲ್ಲಾ ತೆಗಿ.” ನನಗೆ ಕೇಳಿಸಿದ್ದು ಹೀಗೆ.

ಅವನು ಪೆನ್‌ಡ್ರೈವ್ ಚುಚ್ಚಿದ. ಪರದೆ ಇಂಗ್ಲಿಷಿನಲ್ಲಿ ಏನೇನೋ ಕೇಳಿತು, ಅವನು ಒತ್ತುತ್ತಾ ಹೋದ. ಇಂಗ್ಲಿಷ್ ಬಾರದ ಆಕೆಯೂ ಅದನ್ನೇ ನೋಡುತ್ತ ಕೂತಿದ್ದರು. ಕೆಲಸ ಮುಗಿದಾಗ ಕುರ್ಚಿ ಹತ್ತಿರಕ್ಕೆಳೆದುಕೊಂಡು, “ಈಗ ನಮ್ಮನೆಯವ್ರ ಹಾಡು ಹಾಕಪ್ಪ. ವಚನ ಹಾಡಿ ಇದ್ರಲ್ಲೇ ರೆಕಾರ್ಡ್ ಮಾಡಿಟ್ಟಿದ್ರು. ಅವ್ರು ಹೋದ್ಮೇಲೆ ಒಂದ್ಸಲಾನೂ ಕೇಳಿಲ್ಲ” ಎಂದರು.

ಅವನು ಆಕೆಯತ್ತ ತಿರುಗಿದ. “ನೀವೇ ತೆಗಿ ಅಂದ್ರಲ್ಲ ಆಂಟಿ... ಎಲ್ಲಾ ಡಿಲೀಟ್ ಆಯ್ತು.”

“ಬಾಗಿಲು ತೆಗಿ ಅಂತೀವಲ್ಲಪ್ಪಾ, ಹಂಗೆ ಅಂದೆ.”

ಹಾಡು ಮರಳಿ ಸಿಗುತ್ತದೇನೋ ಎಂದು ಅವನು ಏನೇನೋ ಮಾಡಿ ನೋಡಿದ. ಒಂದೂ ಸಿಗಲಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲವಂತೆ. ಆಕೆ ಬೈಯದೆ ಎದ್ದು ಹೋದರು.

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದನ್ನು ಮಾತ್ರ, ಮನೆಯಲ್ಲಿ ನನ್ನ ಕಂಪ್ಯೂಟರಿಗೆ ಅದೇ ಲಿನಕ್ಸ್ ಹಾಕುವಾಗ ಖಚಿತಪಡಿಸಿಕೊಂಡೆ. ಹಳೆಯದನ್ನೆಲ್ಲ ಅಳಿಸಲೇ ಎಂದು ಕೇಳುವುದಕ್ಕೂ ಮೊದಲು ಅದು ಯಾವ ಭಾಷೆ ಬೇಕೆಂದು ಕೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ.