ಉಟ್ಟು ಮೆತ್ತಗಾದ ಪಂಚೆ

ನನ್ನ ಮಗಳಿಗೆ ಹೆಣ್ಣು ಮಗುವಾಗಿದೆ. ಇವತ್ತು ಬೆಳಿಗ್ಗೆ ಹಾಸನದ ಆಸ್ಪತ್ರೆಯಿಂದ ಹೊಳೆನರಸೀಪುರದ ನಮ್ಮ ಮನೆಗೆ ಬಂದರು. ನಾನು ಅಜ್ಜಿಯಾದೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದವಳಿಗೆ ಪಕ್ಕದ ಮನೆಯ ಜವಳಿ ಅಂಗಡಿಯವರ ಬಾಗಿಲಲ್ಲಿ ಮಾತ್ರ ಕಾಲು ನಿಧಾನವಾಯಿತು.

ಅಂಗಡಿ ಮುಳುಗಿ, ಸಾಲ ತೀರಿಸಲಾಗದೆ ಅವರು ಕೋರ್ಟಿನಲ್ಲಿ ಪಾಪರ್ ಚೀಟಿ ತೆಗೆದುಕೊಂಡು ಎರಡು ವರ್ಷವಾಯಿತು. ಈಗ ಬೇರೆಯವರ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಾರೆ. ಅಳತೆಗಿಂತ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುವ ಹಳೆಯ ರೂಢಿ ಹೋಗಿಲ್ಲ. ಧಣಿ ಗದರಿದರೆ "ಇರ್ಲಿ ಬುಡಿ ಸಾ" ಅನ್ನುತ್ತಾರೆ. ಮದುವೆಗೆ, ನಾಮಕರಣಕ್ಕೆ ಕರೆದರೂ "ಇರ್ಲಿ ಬುಡಿ" ಅಷ್ಟೇ. ಮುಯ್ಯಿ ಕೊಡದೆ ಎಲೆ ಮುಂದೆ ಕೂರಲು ಅವರಿಗೆ ಮನಸ್ಸು ಬರದು.

"ಅಣ್ಣಯ್ಯ, ಕೂಸಿಗೆ ಸುತ್ತಕ್ಕೆ ನಿಮ್ದೊಂದು ಹಳೇ ಪಂಚೆ ಕೊಡಿ" ಅಂದೆ. ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸ ಬಟ್ಟೆ ಹಾಕುವುದಿಲ್ಲ, ಹಿರಿಯರು ಉಟ್ಟು ಮೆತ್ತಗಾದದ್ದೇ ಆಗಬೇಕು. ನಮ್ಮ ಯಜಮಾನರ ಪಂಚೆಗಳೂ ಪೆಟ್ಟಿಗೆ ತುಂಬ ಇದ್ದವು ಅನ್ನಿ.

"ಪಾಪರ್ ಆದೋನ್ ಬಟ್ಟೆ ಕೂಸಿಗ್ಯಾಕವ್ವ? ಬ್ಯಾರೆಯೋರ್ನ ಕೇಳು."

"ಕೂಸೇನು ಕೋರ್ಟ್ ಕಾಗ್ದ ಓದ್ತದಾ? ಅದಕ್ಕೆ ಮೆತ್ತಗಿದ್ರೆ ಸಾಕು."

ಅವರು ಒಳಗೆ ಹೋದರು. ಪಂಚೆಯನ್ನು ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ನಾಲ್ಕು ತುಂಡು ಮಾಡಿ ಸಂಜೆ ತಾವೇ ತಂದರು.

"ಅಂಚು ಕೂಸಿಗೆ ಚುಚ್ತದೆ, ಕಿತ್ತಾಕಿವ್ನಿ ಕಣವ್ವ."

ಮಗುವನ್ನು ಅದರಲ್ಲಿ ಸುತ್ತಿ ಅವರ ಕೈಗೇ ಕೊಟ್ಟೆ. ಅಷ್ಟರಲ್ಲಿ ಅಳಿಯ ಎಲೆ ಹಾಕಿದ, ಅವರಿಗೂ ಒಂದು ಸೇರಿಸಿ. ಈ ಸಲ ಅವರು "ಇರ್ಲಿ ಬುಡಿ" ಅನ್ನಲಿಲ್ಲ. ಕೂಸನ್ನು ಮಗಳ ಮಗ್ಗುಲಿಗೆ ಮಲಗಿಸಿ ಮನೆಮಂದಿಯೆಲ್ಲ ಸಾಲಾಗಿ ಕೂತೆವು. ನಮ್ಮ ಯಜಮಾನರ ಪಕ್ಕ ಕೂತು ಮುದ್ದೆ ಮುರಿದವರು, ಎರಡು ತುತ್ತಾದ ಮೇಲೆ ತಲೆಯೆತ್ತಿ, ಸಾರಿಗೆ ಖಾರ ಸಾಲದು ಅಂದರು.