ತಿಜೋರಿಯಡಿಯ ನಾಲ್ಕು ಬೆರಳು

ಹಮಾಲ ಅಮಸಿದ್ದಪ್ಪ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಅವನ ಹೆಂಡತಿ ಶೇವಂತಿಯನ್ನು ಠಾಣೆಗೆ ಕರೆಸಿದರು. ಹವಾಲ್ದಾರ ಈಶ್ವರ ಕಾಗದ ಮುಂದಿಟ್ಟು ಶಾಯಿ ಡಬ್ಬಿ ತೆರೆದ.

“ಹೆಬ್ಬಟ್ಟ ಒತ್ತಬೇ. ಆರೋಪಿ ತೀರಿಕೊಂಡಾನ, ಕೇಸ್ ಮುಗಸಾಕತ್ತೇವಿ.”

“ಆರೋಪಿ ಅಂದ್ರ ಯಾರ್ರಿ?”

“ನಿನ್ನ ಗಂಡ.”

“ಅವ್ರಿಗೆ ಹೆಸರೈತ್ರಿ,” ಎಂದು ಶೇವಂತಿ ಕೈ ಸೆರಗಿನೊಳಗೆ ಎಳೆದುಕೊಂಡಳು.

ಮಹಾಲಿಂಗಪುರದ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಬೆಲ್ಲದ ಪೆಂಟಿ, ಜೋಳದ ಚೀಲ ಹೊತ್ತವನು ಅಮಸಿದ್ದಪ್ಪ. ಸಂಕ್ರಾಂತಿಗೆ ದಲಾಲಿ ಅಂಗಡಿಯ ಚಿದಾನಂದ ಸಾಹುಕಾರರ ಮನೆಯ ತಿಜೋರಿಯಿಂದ ಬಂಗಾರ ಹೋಯಿತು. ಬೆರಳಚ್ಚಿನವರು ಬಂದು ತಿಜೋರಿಗೆ ಕರಿಪುಡಿ ಹಚ್ಚಿ ನೋಡಿದರು. ಅಂಗಡಿಯ ಹಮಾಲರೆಲ್ಲರ ಹತ್ತೂ ಬೆರಳಿಗೆ ಶಾಯಿ ಬಳಿದು ಒತ್ತಿಸಿಕೊಂಡರು. ಅಮಸಿದ್ದಪ್ಪನವು ತಿಜೋರಿಯ ಗುರುತಿಗೆ ಕೂಡಿದವು. “ನಾ ಹಿಂದ ಒಮ್ಮೆ ತಿಜೋರಿ ಸರಿಸೇನ್ರಿ” ಎಂದು ಅವನು ಹೇಳಿದ. ಅವನು ನಮ್ಮ ಮನೆಯೊಳಗೆ ಕಾಲೇ ಇಟ್ಟಿಲ್ಲ ಎಂದು ಸಾಹುಕಾರರು ಹೇಳಿದರು. ಯಾರು ಕರೆಸಿದ್ದರೆಂದು ಅವನನ್ನು ಕೇಳದೆ ಪೊಲೀಸರು ಸಾಹುಕಾರರ ಮಾತು ಬರೆದುಕೊಂಡರು. ಅವನನ್ನು ಮೂರು ದಿನ ಠಾಣೆಯ ಬಾಕಿನ ಮೇಲೆ ಕೂರಿಸಿ ಮನೆಗೆ ಬಿಟ್ಟರು. ಆಮೇಲೆ ಪೇಟೆಯಲ್ಲಿ ಯಾರೂ ಅವನ ಬೆನ್ನಿಗೆ ಚೀಲ ಕೊಡಲಿಲ್ಲ. ಒಂದು ಮುಂಜಾನೆ ಹಲ್ಲುಜ್ಜುತ್ತ ಕುಳಿತವನು ಹಾಗೇ ವಾಲಿದ. ಎಬ್ಬಿಸಿದರೆ ಏಳಲಿಲ್ಲ.

“ಸುಳ್ಳ ಅಂತೀಯೇನ? ನೋಡಿಲ್ಲೆ,” ಈಶ್ವರ ಫೋಟೊ ತೋರಿಸಿದ. “ಒಬ್ಬನ ಗೆರಿ ಇನ್ನೊಬ್ಬಗ ಇರೂದಿಲ್ಲ. ನಡುಬೆರಳಿಗೆ ಸುಳಿ, ಹೊಳ್ಯಾಗ ನೀರ ತಿರಗಿಧಂಗ. ಉಂಗುರಬೆರಳಿಗೆ ಕುಣಿಕಿ. ಅದರ ಮ್ಯಾಲ ಅಡ್ಡ ಗಾಯ.”

ಆ ಗಾಯವನ್ನು ಶೇವಂತಿ ಬಲ್ಲಳು. ಚೀಲ ಎತ್ತುವ ಕೊಕ್ಕೆ ತಾಗಿ ಹರಿದದ್ದು. ಅರಿಶಿಣ ತುಂಬಿ ಕಟ್ಟಿದವಳು ಅವಳೇ.

“ಅವ್ರ ಬೆರಳ ಐತ್ರಿ. ಖರೆ ಐತಿ.”

“ಹಂಗಾರ ಒತ್ತು.”

“ಎಲ್ಲಿ ಸಿಕ್ಕಾವ್ರಿ ಇವು?”

“ತಿಜೋರಿ ಮ್ಯಾಲ.”

“ತಿಜೋರಿ ಎಮ್ಮಿಯಷ್ಟ ಐತಿ. ಅದರಾಗ ಎಲ್ಲಿ?”

ಈಶ್ವರ ಗೊಣಗುತ್ತ ವರದಿ ತಿರುವಿದ. “ಕೆಳಗಿನ ಅಂಚು. ಅಂಚಿನ ಒಳಮೈ. ಬಲಗೈ ನಾಕ ಬೆರಳು, ಅಡಿಯಿಂದ ಮ್ಯಾಲ…” ಓದುತ್ತ ಅವನ ದನಿ ಸಣ್ಣದಾಯಿತು.

“ಬಾಗಲಕ್ಕ?”

“ಇಲ್ಲ.”

“ಹಿಡಿಕಿಗೆ?”

“ಇಲ್ಲ.”

“ಕಳ್ಳ ತಿಜೋರಿ ತಗೀತಾನೋ, ಹೊತಗೊಂಡ ಹೋಗ್ತಾನೋ? ನಡೀರಿ ಸಾಹುಕಾರ್ರ ಮನಿಗೆ.”

“ಏ, ನನಗ ಬ್ಯಾರೆ ಕೆಲಸ ಅದಾವ.”

“ಹಂಗಾದ್ರ ನಿಮ್ಮ ಹೆಬ್ಬಟ್ಟ ನೀವ ಒತ್ಕೋರಿ.”

ಗಂಡ ಕುಳಿತ ಬಾಕಿನ ಮೇಲೆಯೇ ಹೋಗಿ ಕುಳಿತಳು. ಮಧ್ಯಾಹ್ನ ದಾಟಿತು. ಏಳಲಿಲ್ಲ. ಕಡೆಗೆ ಈಶ್ವರ ಟೊಪ್ಪಿಗೆ ತೆಗೆದುಕೊಂಡ.

“ಮತ್ತ್ಯಾಕ ಬಂದ್ರಿ?” ಎಂದರು ಸಾಹುಕಾರರು. ಶೇವಂತಿ ನೆಟ್ಟಗೆ ತಿಜೋರಿಯಿದ್ದ ಒಳಕೋಣೆಗೆ ನಡೆದಳು.

“ಎತ್ರಿ ಇದನ್ನ. ಒಂದ ಬೆರಳಷ್ಟ.”

“ತಲಿ ಕೆಟ್ಟೈತೇನ ನಿಂದು?” ಎಂದ ಈಶ್ವರ.

“ಎತ್ರಿ.”

ಇದೊಂದು ಮುಗಿದರೆ ಸಾಕೆಂದು ಈಶ್ವರ ಬಗ್ಗಿದ. ನೆಲದ ಟೈಲ್ಸ್ ಒಡೆದೀತೆಂದು ಸಾಹುಕಾರರೂ ಕೈಕೊಟ್ಟರು. ಇಬ್ಬರ ಬೆರಳೂ ಅಂಚಿನ ಅಡಿಗೆ ಹೋದವು.

“ಹಂಗ ನಿಂದರ್ರಿ.” ಶೇವಂತಿ ನೆಲಕ್ಕೆ ಬಾಗಿ ನೋಡಿದಳು. ಕರಿಪುಡಿಯ ನಾಲ್ಕು ಗುರುತು ಅಲ್ಲೇ ಇದ್ದವು. ಅವುಗಳ ಮಗ್ಗುಲಿಗೇ ಹವಾಲ್ದಾರನ ನಾಲ್ಕು ಬೆರಳು. “ಈಗ ನಿಮ್ಮವೂ ಬಿದ್ದೂ ಸಾಹೇಬ್ರ. ಸಾಹುಕಾರ್ರವೂ ಬಿದ್ದೂ. ಬರಕೋರಿ, ಇನ್ನ ಇಬ್ಬರ ಕಳ್ಳರು.”

ಬಾಗಿಲಲ್ಲಿ ನಿಂತಿದ್ದ ಸಾಹುಕಾರರ ಹೆಂಡತಿ ರತ್ನಾಬಾಯಿ ಬಾಯಿ ಬಿಟ್ಟಳು. “ದೀಪಾವಳಿಗೆ ಬಣ್ಣಾ ಹಚ್ಚೂಮುಂದ ನಾನ ಅವನ್ನ ಕರಸಿದ್ನಿ. ಇವರು ಬೀಳಗಿಗೆ ಹೋಗಿದ್ರು. ತಿಜೋರಿ ತಾನೊಬ್ಬನ ಎತ್ತಿ ಸರಿಸಿದ.”

“ನನಗ್ಯಾಕ ಹೇಳಲಿಲ್ಲ?” ಎಂದರು ಸಾಹುಕಾರರು.

“ಅವನ ಬೆರಳ ತಿಜೋರಿ ಬಾಗಲ ಮ್ಯಾಲ ಸಿಕ್ಕಾವ ಅಂತ ತಿಳದಿದ್ನಿ. ನನ್ನ ಯಾರ ಕೇಳಿದ್ರಿ?”

“ಅವತ್ತ ಕರಚಿಕಾಯಿ ಕೊಟ್ಟ ಕಳಿಸಿದ್ರಿ,” ಎಂದಳು ಶೇವಂತಿ. “ನಾನೂ ತಿಂದೇನಿ.”

ಈಶ್ವರ ಹೊಸ ಹಾಳೆ ತೆಗೆದ.

“ಕಳ್ಳ ಅಲ್ಲ ಅಂತ ಬರೀರಿ.”

“ಅದನ್ನ ಕೋರ್ಟ್ ಹೇಳಬೇಕವ್ವ.”

“ಅದು ಹೇಳೂದ ಅದು ಹೇಳಲಿ. ಎತ್ತಿದ್ದು ಬರೀರಿ, ಕರಸಿದವ್ರು ಯಾರ ಅಂತ ಬರೀರಿ. ಆರೋಪಿ ಅನಬ್ಯಾಡ್ರಿ, ಹೆಸರ ಹಾಕ್ರಿ.”

ಬರೆದದ್ದನ್ನು ಎರಡು ಸಲ ಓದಿಸಿದಳು. ರತ್ನಾಬಾಯಿ ಸಹಿ ಮಾಡಿದಳು. ಆಮೇಲೆ ಶೇವಂತಿ ಹೆಬ್ಬೆಟ್ಟು ಒತ್ತಿದಳು.

ರತ್ನಾಬಾಯಿ ಹಸಿ ಅರಿವೆ ತಂದು ತಿಜೋರಿಯ ಅಡಿಗೆ ಬಗ್ಗಿದಳು. ಶೇವಂತಿ ಅವಳ ಕೈ ಹಿಡಿದಳು.

“ಒರಸಬ್ಯಾಡ್ರಿ. ದಿನಾ ಕಸಾ ಹೊಡಿಯೂಮುಂದ ಕಾಣಲಿ. ಯಾರವು ಅಂತ ಕೇಳಿದವ್ರಿಗೆ ಹೆಸರ ಹೇಳ್ರಿ.”