ಅರ್ಥ ಹೇಳಿ, ಅಂಗಿ ತಗೊಳ್ಳಿ
ದರ್ಜಿ ಅಕ್ಕನಿಗೆ ಇಂಗ್ಲಿಷಿನ ದೊಡ್ಡ ಪದಗಳ ಹುಚ್ಚು. ಅವಳ ಪಠ್ಯವೆಂದರೆ ಗಂಡನ ಮೊದಲ ಹೆಂಡತಿಯ ಮಗಳ ಬಳಿ ಇರುವ ಪುಸ್ತಕ, ತಬ್ಬಲಿ ಹುಡುಗಿ ರಾಣಿಯಾಗುವ ಹಳೆಯ ಇಂಗ್ಲಿಷ್ ಕಥೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಗಿರಾಕಿಯನ್ನು ತಡೆಯುತ್ತಾಳೆ: "ಡಾಕ್ಟ್ರೇ, 'ರಿಸ್ಪ್ಲೆಂಡೆಂಟ್' ಅಂದ್ರೇನು? ಅರ್ಥ ಹೇಳಿ, ಅಂಗಿ ತಗೊಳ್ಳಿ." ಥಳಥಳ ಹೊಳೆಯೋದು ಎಂದರು ನೋಡಿ, ಅಂದಿನಿಂದ ಅಂಗಡಿಯ ಗುಂಡಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ರಿಸ್ಪ್ಲೆಂಡೆಂಟೇ! ಸೂಜಿ ಕಳೆದರೆ 'ಕೆಲಾಮಿಟಿ', ಅಂದರೆ ಮಹಾ ವಿಪತ್ತು. ಅರ್ಥ ಹೇಳಲಾಗದ ಇಂಗ್ಲಿಷ್ ಮೇಷ್ಟ್ರ ಪ್ಯಾಂಟು ತಿಂಗಳಿಂದ ಮೊಳೆಗೆ ನೇತಾಡುತ್ತಿದೆ. ಸಂಜೆಯಾದರೆ ಆ ಮಗಳು, "ಚಿಕ್ಕಮ್ಮ, ಕೇಳು," ಎಂದು ಕಥೆ ಓದುತ್ತಾಳೆ. ಮಲತಾಯಿಯ ಕ್ರೌರ್ಯ ಬಣ್ಣಿಸುವ ಸಾಲು ಬಂದಾಗಲೆಲ್ಲ ಮೆಲ್ಲನೆ ಹಾರಿಸಿ ಮುಂದೆ ಹೋಗುತ್ತಾಳೆ. ಆ ಸಾಲಿನ ಪ್ರತಿ ಪದದ ಅರ್ಥವನ್ನೂ ಎಂದೋ ತಿಳಿದುಕೊಂಡಿರುವ ಅಕ್ಕ, ಕಂಡದ್ದಕ್ಕೆಲ್ಲ ಪ್ರಶ್ನೆ ಹಾಕುವ ಅಕ್ಕ, ಆಗ ಮಾತ್ರ ಏನೂ ಕೇಳದೆ, ದಾರವಿರುವ ಸೂಜಿಗೇ ಮತ್ತೆ ದಾರ ಪೋಣಿಸುತ್ತಾಳೆ.